ಗುರುವಾರದವಳು

ಬ್ರಾಂಕ್ಸಿನ ಈ ಬೀದಿಯಲ್ಲಿ ರೈಲು ತಲೆಯ ಮೇಲೆ ಓಡುತ್ತದೆ.
ಅದು ಹಾಯುವಾಗೆಲ್ಲ ಯಾ ಪೊಕುವಾ
ಮಿಷನ್ನಿನ ಪೆಡಲಿನಿಂದ ಕಾಲು ತೆಗೆಯುತ್ತಾಳೆ.
ಅದುರಿದರೆ ಹೊಲಿಗೆ ಸೊಟ್ಟ.

ಯಾ. ಇಷ್ಟೇ ಹೆಸರು.
ಕನ್ನಡದ ಕಿವಿಗೆ ಅರ್ಧಕ್ಕೆ ನಿಂತ ಪ್ರಶ್ನೆ:
ಯಾರು, ಯಾವೂರು, ಯಾಕೆ ಬಂದೆ, ಯಾವಾಗ ಹೋಗುತ್ತೀ.
ಹದಿನಾಲ್ಕು ವರ್ಷದಿಂದ ಒಂದೊಂದು ಕಿಟಕಿಯಲ್ಲೂ
ಉಳಿದರ್ಧ ಸೇರಿಸಿ ಯಾರೋ ಕೇಳುತ್ತಲೇ ಇದ್ದಾರೆ.

ವಕೀಲರು ಬೇಕು ಅಂದದ್ದೇ ತಡ,
ಹಲ್ಲುನೋವಿಗೆ ಮದ್ದು ಹೇಳಿದ ಹಾಗೆ
ಎಲ್ಲರ ಬಾಯಲ್ಲೂ ಒಂದೊಂದು ಹೆಸರು.
ಶನಿವಾರದ ಸಾವಿನ ಸಭೆಗೆ ಕೆಂಪು ಕಪ್ಪು ಹೊಲಿಸಲು ಬಂದವಳು
ತೋಳಿನ ಅಳತೆ ಕೊಡುತ್ತಲೇ ಹೇಳಿದಳು:
ನಮ್ಮ ಭಾವನ ಕೇಸು ಹಿಡಿದದ್ದು ಅವನೇ, ಹುಲಿ.
ಭಾವ ಈಗೆಲ್ಲಿ?
ಕುಮಾಸಿಯಲ್ಲಿ.

ಬಸ್‌ಸ್ಟಾಪಿನ ಜಾಹೀರಾತಿನಲ್ಲಿ ಕೈಕಟ್ಟಿ ನಿಂತ
ಆ ಹುಲಿಯ ಆಫೀಸಿಗೇ ಮೊದಲು ಹೋದಳು.
ನಾಲ್ಕು ದೇಶದ ಹೊತ್ತು ತೋರುವ ನಾಲ್ಕು ಗಡಿಯಾರ,
ಮೀನಿಲ್ಲದ ಮೀನಿನ ತೊಟ್ಟಿ. ಹುಲಿ ಕಾಣಲಿಲ್ಲ.
ಟೈ ಕಟ್ಟಿದ ಹುಡುಗನೊಬ್ಬ
ನೂರಕ್ಕೆ ನೂರು ಗ್ಯಾರಂಟಿ, ಮುಂಗಡ ಇವತ್ತೇ ಕಟ್ಟಿದರೆ, ಅಂದ.
ಬಟ್ಟೆಯ ಗುಣ ಹಿಂಬದಿಯಲ್ಲಿ.
ಕರಾರುಪತ್ರವನ್ನು ಮಗುಚಿ ನೋಡಿದಳು:
ಇರುವೆಸಾಲಿನಂಥ ಅಕ್ಷರದಲ್ಲಿ
ಕಟ್ಟಿದ ಹಣ ವಾಪಸಿಲ್ಲ.

ಫೋನ್ ಕಾರ್ಡು, ಒಣಮೀನು ಮಾರುವ ಅಂಗಡಿಯಲ್ಲಿ
ಪರದೆ ಸರಿಸಿದರೆ ಇನ್ನೊಬ್ಬ. ವಕೀಲನಲ್ಲ, ನೋಟರಿ;
ಚರ್ಚಿನಲ್ಲಿ ಎಲ್ಲರಿಗೂ ಅಣ್ಣ.
ಪಾಸ್‌ಪೋರ್ಟಿನಲ್ಲಿ ಮಾರ್ಚ್ ಹನ್ನೊಂದು,
ದೀಕ್ಷಾಸ್ನಾನದ ಚೀಟಿಯಲ್ಲಿ ಮಾರ್ಚ್ ಒಂದು.
ಚೀಟಿ ತಿದ್ದೋಣ ತಂಗಿ, ಯಾರು ನೋಡುತ್ತಾರೆ?
ಯಾರು ನೋಡುತ್ತಾರೆ ಎಂದು ಹೊಲಿದ ಬಟ್ಟೆಗಳೇ
ಅವಳ ಅಂಗಡಿಗೆ ರಿಪೇರಿಗೆ ಬರುವುದು.
ಒಣಮೀನು ಮಾತ್ರ ಕೊಂಡು ಬಂದಳು.

ಕೊನೆಗೆ ಉಳಿದದ್ದು ಕೋರ್ಟಿನ ಗೋಡೆಯ ಪಟ್ಟಿ,
ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು,
ಏಳೋ ಒಂದೋ ತಿಳಿಯದ ನಂಬರುಗಳು.
ಹದಿನೇಳನೆಯದನ್ನು ಯಾರೋ ಎತ್ತಿದರು.

ದಂತವೈದ್ಯರ ಮೇಲಿನ ಮಹಡಿ. ಕೆಳಗಿನಿಂದ ಕೊರೆಯುವ ಸದ್ದು.
ಅನಾಹಿದ್ ತೆರ್ಜಿಯಾನ್, ಅರವತ್ತು ದಾಟಿದವಳು,
ಕೋಟಿನ ತೋಳಿನಲ್ಲಿ ಗುಂಡಿ ಕಿತ್ತುಹೋಗಿದೆ.
ಕಾಗದ ಮುಟ್ಟುವ ಮೊದಲು ಕೇಳಿದಳು:
ಯಾ ಅಂದರೇನು?

ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.
ಗುರುವಾರ. ನಮ್ಮಲ್ಲಿ ಹುಟ್ಟಿದ ವಾರವೇ ಹೆಸರು.
ಕನ್ನಡಕ ಏರಿಸಿ ವಕೀಲೆ
ಎಪ್ಪತ್ತೊಂಬತ್ತರ ಕ್ಯಾಲೆಂಡರು ತೆರೆದಳು.
ಮಾರ್ಚ್ ಹನ್ನೊಂದು, ಭಾನುವಾರ.
ಮಾರ್ಚ್ ಒಂದು, ಗುರುವಾರ.
ಯಾವನೋ ಗುಮಾಸ್ತನ ಕೈಜಾರಿ ಬಿದ್ದ ಒಂದು ಗೆರೆ,
ನಲವತ್ತೈದು ವರ್ಷ ಬೆನ್ನಿಗಂಟಿ ಬಂದ ಒಂದು ಹೆಚ್ಚಿನ ಹೊಲಿಗೆ.

ಇದನ್ನು ಬಿಚ್ಚಬಹುದು, ಅಂದಳು.
ಕೇಸು ಗೆಲ್ಲುತ್ತದೆಂದು ಹೇಳಲಾರೆ.
ಅರ್ಧಕ್ಕಿಂತ ಕಮ್ಮಿ. ಐದಾರು ವರ್ಷ.
ಇನ್ನೊಬ್ಬರನ್ನೂ ಕೇಳಿ ನೋಡಿ.
ಬಾಗಿಲ ಬಳಿ ಗೊತ್ತಾದದ್ದು, ತೆರ್ಜಿ ಅಂದರೆ ದರ್ಜಿ.
ಅಜ್ಜನ ಕಸುಬು. ನನಗೆ ಗುಂಡಿ ಹಚ್ಚಲೂ ಬಾರದು.

ಯಾ ತಕ್ಷಣ ಒಪ್ಪಲಿಲ್ಲ.
ಮೂರು ರಾತ್ರಿ ಅಳೆದಳು, ಸುರಿದಳು.
ಸುಳ್ಳೆಂದು ಗೊತ್ತಿದ್ದರೂ ಗ್ಯಾರಂಟಿ ಎಂಬ ಮಾತು
ನಿದ್ದೆಯಲ್ಲಿ ಸಿಹಿಯಾಗಿಯೇ ಕೇಳುತ್ತಿತ್ತು.

ಸಹಿ ಹಾಕಿದ್ದು ಮಂಗಳವಾರ;
ಗುರುವಾರ ವಕೀಲೆಗೆ ಬಿಡುವಿರಲಿಲ್ಲ.
ಕಾಗದ ಮಗುಚಿದಳು. ಹಿಂಬದಿ ಖಾಲಿ.
ಖಾಲಿಯನ್ನೂ ಬೆರಳಿನಿಂದ ಸವರಿ ನೋಡಿದಳು.

ವಿಚಾರಣೆ ಬರುವ ವರ್ಷ ಅಕ್ಟೋಬರಿಗೆ.
ಶನಿವಾರಕ್ಕೆ ಆರು ಕಪ್ಪು ಅಂಗಿ ಕೊಡಬೇಕು.
ರೈಲು ಬಂತು. ಪೆಡಲಿನಿಂದ ಕಾಲು ತೆಗೆದು
ಅದು ಹಾಯುವ ತನಕ ಕೂತಿದ್ದಾಳೆ.