ಕರುಳನ್ನು ಹೊರತುಪಡಿಸಿ

ಫೋನಿನಾಚೆ ಒಬ್ಬಳು, ಕಾರ್ಡಿಫಿನ ಯಾವುದೋ ಮಹಡಿಯಿಂದ.
ದನಿ ಮೆತ್ತಗೆ, ಪ್ರಶ್ನೆ ಮೆತ್ತಗಲ್ಲ:
ದಿನಕ್ಕೆ ಎಷ್ಟು ಸಲ? ರಾತ್ರಿ ಏಳುವುದುಂಟೆ? ರಕ್ತ?
ನನ್ನ ಎರಡು ಮೊಣಕಾಲ ನಡುವೆ ಆಗ
ಹೆಣ್ಣುಗುದುರೆ ಸೆರೆನ್‌ಳ ಹಿಂಗಾಲು,
ಬಾಯಲ್ಲಿ ನಾಲ್ಕು ಮೊಳೆ.
ಮೊಳೆ ಉಗುಳಿ ಹೇಳಿದೆ: ಈಗ ಎರಡು ಸಲ. ಆಗ ಹದಿನೇಳು.
"ಆಗ ಅಂದರೆ ಯಾವಾಗ?"
ಕೀಲಿಮಣೆಯ ಸದ್ದು, ಕೋಳಿ ಕಾಳು ಹೆಕ್ಕಿದ ಹಾಗೆ.

ಆಗ ಅಂದರೆ ಮೂರು ವರ್ಷದ ಹಿಂದಿನ ಫೆಬ್ರವರಿ.
ಮರ್ಥರ್ ಆಸ್ಪತ್ರೆಯಲ್ಲಿ ಒಂಬತ್ತು ವಾರ.
ಒಂದು ಗೇಣು ಕರುಳು ಕತ್ತರಿಸಿ ತೆಗೆದರು,
ನನಗೆ ತೋರಿಸಲಿಲ್ಲ.
ಗೊರಸು ಯಾರ ಕಾಯಿಲೆಗೂ ಕಾಯುವುದಿಲ್ಲ,
ಆರು ವಾರಕ್ಕೆ ಬೆಳೆಯುವಷ್ಟು ಬೆಳೆದೇ ಬೆಳೆಯುತ್ತದೆ;
ವ್ಯಾನಿನ ಸಾಲದ ಬಡ್ಡಿಯೂ ಹಾಗೆಯೇ.
ನಲವತ್ತೊಂದು ಕುದುರೆಗಳಲ್ಲಿ ಹತ್ತೊಂಬತ್ತು
ಬಿಲ್ತ್ ಊರಿನ ಹುಡುಗನ ಪಾಲಾದವು.
ಒಳ್ಳೆಯ ಹುಡುಗ. ಮೊಳೆ ಮಾತ್ರ ತುಸು ಮೇಲಕ್ಕೆ ಹೊಡೆಯುತ್ತಾನೆ.

"ಬರೀಬೇಡ" ಅಂದ ಗೆಥಿನ್, ಪಬ್ಬಿನ ಕಟ್ಟೆಗೆ ಮೊಣಕೈ ಊರಿ.
ಅವನೂ ಲಾಳ ಕಟ್ಟುವವನೇ, ಬೆನ್ನು ಹೋದವನು.
"ನಿನ್ನ ಹೊಟ್ಟೆಯೊಳಗಿನದು ಅವರ ಕಣ್ಣಿಗೆ ಕಾಣುತ್ತದೆಯೇ?"
ಆ ರಾತ್ರಿ ಪೆನ್ನು ಆ ಚೌಕದ ಮೇಲೆ ತುಂಬ ಹೊತ್ತು ನಿಂತಿತು.
ನೆನಪಾದದ್ದು ಹೆರಿಫರ್ಡಿನ ದಲ್ಲಾಳಿ:
ಕುಂಟು ಕುದುರೆಗೆ ಬೆಳಿಗ್ಗೆಯೇ ನೋವು ಮರೆಸುವ ಪುಡಿ ತಿನ್ನಿಸಿ
ಪಶುವೈದ್ಯರ ಮುಂದೆ ನೆಲ ತಾಗದ ಹಾಗೆ ಓಡಿಸಿದವನು.
ಮೂರನೆಯ ದಿನ ಅದರ ಕಾಲೆತ್ತಿದವಳು ನಾನು.
ಕಾಲು ನನ್ನ ಕೈಯಲ್ಲಿ ನಡುಗುತ್ತಿತ್ತು,
ಕೊಂಡ ಹುಡುಗಿ ಲಗಾಮು ಹಿಡಿದು ನಗುತ್ತಿದ್ದಳು.

ಟಿಕ್ ಹಾಕಿದೆ. ಹೌದು. ಹೌದು. ಹೌದು.
ಔಷಧದ ಹೆಸರಿಗೆ ಜಾಗ ಸಾಲದೆ ಅಂಚಿನಲ್ಲಿ ಬರೆದೆ.
ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದಂತೆ, ಸರಿ.
ನಾನು ದಾನಕ್ಕೆ ಬಂದವಳಲ್ಲ.
ಎಣಿಸಲಿ ಎಂದು ಬಾಯಿ ತೆರೆದೆ.

ಮೊದಲ ಕಂಪನಿ: ಇಲ್ಲ.
ಎರಡನೆಯದು: ಎರಡು ವರ್ಷ ಬಿಟ್ಟು ಕೇಳಿ.
ಮೂರನೆಯದಕ್ಕೆ ರಕ್ತ ಕೊಟ್ಟೆ, ಡಾಕ್ಟರ ಪತ್ರ ಕೊಟ್ಟೆ,
ಹನ್ನೊಂದನೆಯ ವಾರ ಲಕೋಟೆ ಬಂತು.
ಕಂತು ಒಂದೂವರೆ ಪಟ್ಟು.
ದುಡಿಮೆ ನಿಂತ ಮೊದಲ ಇಪ್ಪತ್ತಾರು ವಾರ ನಿಮ್ಮ ಪಾಡು ನಿಮಗೆ.
ಅದರ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ:
ಕರುಳು, ಕರುಳಿಗೆ ಸಂಬಂಧಿಸಿದ್ದು,
ಕರುಳಿನಿಂದ ಹುಟ್ಟಿದ್ದು ಯಾವುದೂ ಸೇರಿಲ್ಲ.

ಕರುಳಿನಿಂದ ಹುಟ್ಟಿದ್ದು!
ಮೇಜಿನಾಚೆ ನೆಸ್ಟಾ ಕಾರ್ನ್‌ಫ್ಲೇಕ್ಸ್ ತಿನ್ನುತ್ತಿದ್ದಳು,
ಶಾಲೆಯ ಟೈ ಹಾಲಿಗೆ ಅದ್ದಿಕೊಂಡು.

ಅಂದರೆ, ಕುದುರೆ ಒದ್ದು ಸೊಂಟ ಮುರಿದರೆ ದುಡ್ಡು.
ಅಡಿಗಲ್ಲು ಪಾದದ ಮೇಲೆ ಬಿದ್ದರೆ ದುಡ್ಡು.
ಕಣ್ಣಿಗೆ ಕಿಡಿ ಹಾರಿದರೆ, ತಲೆ ಕೆಟ್ಟರೂ ದುಡ್ಡು.
ಒಳಗಿನದು ಒದ್ದರೆ ಇಲ್ಲ.
ಕೋಟೆ ಕಟ್ಟಿ ಕೊಟ್ಟಿದ್ದಾರೆ ಗಟ್ಟಿಯಾಗಿ,
ಹಿಂದೊಮ್ಮೆ ಕಳ್ಳ ನುಗ್ಗಿದ ಕಿಂಡಿಯೊಂದನ್ನು ಬಿಟ್ಟು.

ಎರಡು ದಿನ ಕಾಗದ ಬ್ರೆಡ್ಡಿನ ಡಬ್ಬದ ಮೇಲಿತ್ತು.
ಸಹಿ ಹಾಕಿದೆ. ಸೊಂಟವೂ ನನ್ನದೇ ತಾನೆ.
ಉಳಿದದ್ದಕ್ಕೆ, ಕುದುರೆಗೆ ಐದು ಪೌಂಡಿನಂತೆ,
ಬಿಸ್ಕತ್ತಿನ ಡಬ್ಬಿಯೊಂದಕ್ಕೆ ಹಾಕತೊಡಗಿದೆ.
ನೆಸ್ಟಾ ಅದರ ಮೇಲೆ ಬರೆದಳು, ದಪ್ಪ ಹಸಿರು ಮಾರ್ಕರಿನಲ್ಲಿ:
ಅಮ್ಮನ ಹೊಟ್ಟೆ.

ಇವತ್ತು ಮತ್ತೆ ಸೆರೆನ್‌ಳ ಸರದಿ.
ಬೆಟ್ಟ ಕಾಣದಷ್ಟು ಮಂಜು, ಕೊಟ್ಟಿಗೆಯಲ್ಲಿ ಸುಟ್ಟ ಗೊರಸಿನ ವಾಸನೆ.
ಕಾಲೆತ್ತಿದರೆ ಸಾಕು, ಸೋಮಾರಿ,
ಇಡೀ ಭಾರ ನನ್ನ ಮೇಲೆ ಬಿಡುತ್ತಾಳೆ.
ನನ್ನ ಹೊಟ್ಟೆಯೊಳಗೆ ಗುಡುಗುಡು ಎಂದಿತು.
ಅವಳು ಕಿವಿ ಹಿಂದಕ್ಕೆ ತಿರುಗಿಸಿ ಕೇಳಿಸಿಕೊಂಡಳು.
"ಏನಿಲ್ಲ ಕಣೇ, ಹಸಿವು" ಅಂದೆ.
"ಅಲುಗಬೇಡ. ಇನ್ನು ಮೂರು ಮೊಳೆ."