ಗರಿ ಮಾರುವವಳ ಲೆಕ್ಕ

ನಡುರಾತ್ರಿ ಜಲಸಂಧಿ ದಾಟಿ ಬಾಲಿಗೆ ಬರುತ್ತದೆ ನಮ್ಮ ಲಾರಿ,
ಬಾಳೆಪಟ್ಟೆ ಸುತ್ತಿದ ಎಳೆ ತೆಂಗಿನ ಗರಿ ಹೊತ್ತು.
ಮೂರಕ್ಕೆ ದೆನ್‌ಪಸಾರದ ಸಂತೆ. ಒದ್ದೆ ಕಲ್ಲು, ಮೀನುನಾತ,
ಬುಟ್ಟಿ ಬುಟ್ಟಿ ಸಂಪಿಗೆ.
ನಾನು ಜಾವಾದವಳು. ನನ್ನ ನಮಾಜಿಗೆ
ಹೂವೂ ಬೇಡ, ಹೊಗೆಯೂ ಬೇಡ.
ಆದರೆ ಯಾವ ಗರಿ ಮಡಿಸಿದರೆ ಸೀಳುತ್ತದೆ, ಯಾವುದು ಬಾಗುತ್ತದೆ
ಅಂತ ಇವರ ದೇವರುಗಳಿಗಿಂತ ನನಗೇ ಚೆನ್ನಾಗಿ ಗೊತ್ತು.

ರೆಂತಿನಿ ಹದಿನೆಂಟು ವರ್ಷದ ಗಿರಾಕಿ.
ದಿನಕ್ಕೆ ಹದಿನೈದು ತಟ್ಟೆಗಾಗುವಷ್ಟು, ಒಂದೆಳೆ ಹೆಚ್ಚಿಲ್ಲ.
ಅಂಗೈಯಗಲದ ತಟ್ಟೆ; ತಳದಲ್ಲಿ ಎಲೆ, ಅಡಿಕೆ, ಚಿಟಿಕೆ ಸುಣ್ಣ;
ಬಿಳಿ ಹೂ ಮೂಡಲಿಗೆ, ಕೆಂಪು ತೆಂಕಲಿಗೆ,
ಹಳದಿ ಪಡುವಲಿಗೆ, ನೀಲಿ ಬಡಗಲಿಗೆ,
ಮೇಲೊಂದು ಬಿಸ್ಕತ್ತು, ಹಬ್ಬವಿದ್ದರೆ ಸಿಗರೇಟು.
ಗುಡಿಗೆ, ಬಾವಿಗೆ, ಒಲೆಗೆ, ಹೊಸ್ತಿಲಿಗೆ,
ಗಂಡನ ಸ್ಕೂಟರಿನ ಸೀಟಿಗೆ.
ಊದುಬತ್ತಿಯ ಹೊಗೆ ಮೇಲೇರುವ ಮೊದಲೇ
ಬಿಸ್ಕತ್ತು ನಾಯಿಯ ಬಾಯಲ್ಲಿ.
"ದೇವರು ಸಾರ ಉಂಡಾಯಿತು ಬಿಡು," ಅನ್ನುತ್ತಿದ್ದಳು,
"ಉಳಿದದ್ದು ಯಾರ ಪಾಲಾದರೇನು."

ಈ ಸಲ ಹತ್ತು ದಿನ ಬರಲಿಲ್ಲ.
ಕಟ್ಟು ತೆಗೆದಿಟ್ಟೆ. ಎರಡನೆಯ ದಿನಕ್ಕೆ ಅಂಚು ಕಂದು,
ಮೂರನೆಯ ದಿನಕ್ಕೆ ಹಸುವಿಗೂ ಬೇಡ.
ಮೆಣಸಿನಕಾಯಿ ಮಾರುವ ಸುಕಾಂತಿ ಹೇಳಿದಳು:
ಗಂಡ ತೀರಿಕೊಂಡ. ಮನೆಗೆ ಚುಂತಕ, ಮೈಲಿಗೆ.
ದೇವರ ಮುಂದೆ ಏನೂ ಇಡುವಂತಿಲ್ಲ.

ಹೋದೆ. ಜಗುಲಿಯ ಕಂಬಕ್ಕೊರಗಿ ಕೂತಿದ್ದಳು.
ಮಡಿಲಲ್ಲಿ ಆಸ್ಪತ್ರೆಯ ರಸೀತಿಗಳು.
ಅವಳು ಮಾತಾಡುತ್ತಿದ್ದರೆ, ಅತ್ತ ನೋಡದೆಯೇ,
ಒಂದೊಂದನ್ನೂ ಮಡಿಸುತ್ತಿದ್ದವು ಕೈಗಳು
ಮೂಲೆಗೆ ಬಿದಿರುಕಡ್ಡಿ ಚುಚ್ಚಿ.
ರಕ್ತಪರೀಕ್ಷೆ ಒಂದು ತಟ್ಟೆ, ಆಕ್ಸಿಜನ್ ಎರಡು,
ಹಾಸಿಗೆಯ ಬಾಡಿಗೆ ಕೊಂಚ ದೊಡ್ಡದು.
ಖಾಲಿ. ಎಲ್ಲವೂ ಖಾಲಿ.
ನಾಯಿ ಬಂತು, ಸಾಲಾಗಿ ಮೂಸಿತು,
ತಲೆಯೆತ್ತಿ ನನ್ನ ಮುಖ ನೋಡಿತು.

ಏನು ಹೇಳಲಿ ನಾನು. ಕೊಟ್ಟ ಕಾಫಿ ಕುಡಿದೆ.
ಅಂಗಳದಲ್ಲಿ ಸ್ಕೂಟರು,
ಸೀಟಿನ ಮೇಲೆ ಹತ್ತು ದಿನದ ಹಿಂದಿನ ಹೂವು.

ಮೊನ್ನೆ ಬಂದಳು, ಮೂರೂವರೆಗೆ, ಅದೇ ಚೀಲ.
ಗರಿಯನ್ನು ಬಲ್ಬಿನ ಬೆಳಕಿಗೆ ಹಿಡಿದು ಹೀಗಳೆದಳು,
ಚೌಕಾಸಿ ಮಾಡಿದಳು. ನಾನೂ ಬಿಡಲಿಲ್ಲ.
ಬೈದಾಡಿದೆವು, ಹಾಯೆನಿಸಿತು.
ಹದಿನೈದರ ಲೆಕ್ಕ ಹಿಡಿದು ಕಟ್ಟು ಬಿಗಿಯುವಾಗ
ಮಣಿಕಟ್ಟು ಹಿಡಿದಳು:
"ಹದಿನಾಲ್ಕು ಸಾಕು.
ಸ್ಕೂಟರು ಮಾರಿಬಿಟ್ಟೆ."