ತನ್ನ ಹೊಗೆ

ಕನೋಲಾ ಹೊಲ ಮುಗಿದು ಏರು ಶುರುವಾಗುವಲ್ಲಿ
ಪಿಕಪ್ಪು ದಮ್ಮು ಕಳಕೊಂಡಿತು.
ರಾತ್ರಿ ಎರಡೂ ಕಾಲು. ಹಿಂದೆ ಬಲೆ ಹೊದ್ದ
ಇಪ್ಪತ್ತೆಂಟು ಪೆಟ್ಟಿಗೆ, ಒಂದೇ ಗುಂಯ್.
ಒತ್ತಿದಷ್ಟೂ ಕಪ್ಪು ಉಗುಳುತ್ತದೆ, ಮುಂದೆ ಹೋಗುವುದಿಲ್ಲ.
ಕಣ್ಣೆದುರು ಹಳದಿ ದೀಪ,
ನಾನು ಹೇಳಿರಲಿಲ್ಲವೇ ಎನ್ನುವ ನೆಂಟರ ಮುಖದ ಹಾಗೆ.

ಜೂನ್ ತಿಂಗಳು. ಆಲ್ಬರ್ಟಾದ ಈ ಉತ್ತರದಲ್ಲಿ
ಕತ್ತಲೆಂಬುದು ಕೈಸಾಲ,
ನಾಲ್ಕಕ್ಕೆಲ್ಲ ವಾಪಸು ಕೇಳುತ್ತಾರೆ.
ನಿಂತ ಗಾಡಿಯ ಮೇಲೆ ಬಿಸಿಲು ಬಿದ್ದರೆ
ಮೇಣ ಜಾರಿ, ಜೇನು ತನ್ನ ತುಪ್ಪದಲ್ಲೇ ಮುಳುಗಿ ಸಾಯುತ್ತದೆ.

ಆಲ್ಫೋನ್ಸ್ ಲಾಬೂಕಾನ್ ಬಂದ,
ಮಲಗುವ ಪಾಯಿಜಾಮ, ಮೇಲೆ ಚರ್ಮದ ಕೋಟು,
ಜತೆಗೆ ಮೂರು ಕಾಲಿನ ನಾಯಿ.
‘ನೋಡು ಒರಿಸ್ಯಾ, ಒಂದು ಜೇನು ನನ್ನ ಕಡೆ ಬಂದರೂ
ನಾನು ಮನೆ ಕಡೆ.’
ಕೆಂಪು ಟಾರ್ಚು ಕೊಟ್ಟೆ. ಕೆಂಪು ಅವಕ್ಕೆ ಕಾಣುವುದಿಲ್ಲ.

ಬಾನೆಟ್ಟಿನೊಳಗೆ ತಲೆ ಹಾಕಿ ಅವನು ಹೇಳಿದ್ದು:
ಇಂಜಿನ್ನು ಬಿಟ್ಟ ಉಸಿರಲ್ಲಿ ಒಂದು ಪಾಲನ್ನು
ಮತ್ತೆ ಅದರ ಮೂಗಿಗೇ ಹಿಡಿಯುವುದು ಈ ವಾಲ್ವಿನ ಕೆಲಸ.
ಉರಿ ತುಸು ತಣಿಯಲಿ, ಹೊರಗೆ ವಿಷ ಕಮ್ಮಿಯಾಗಲಿ ಅಂತ.
ಕಾಗದದ ಮೇಲೆ ಒಳ್ಳೆಯ ಯೋಚನೆ.
ಆದರೆ ಮಸಿಗೆ ಎಣ್ಣೆಯ ಆವಿ ಕೂಡಿ ಡಾಂಬರಾಗುತ್ತದೆ,
ಬಾಗಿಲು ಅರ್ಧಕ್ಕೇ ಅಂಟುತ್ತದೆ,
ಆಮೇಲೆ ತೆರೆಯಲೂ ಒಲ್ಲದು, ಮುಚ್ಚಲೂ ಒಲ್ಲದು.
‘ನಮ್ಮ ಮಾವನ ಹಾಗೆ’ ಅಂದ.
ನಾನು ನಗಲಿಲ್ಲ. ಅವನ ಮಾವ ನನಗೆ ದುಡ್ಡು ಕೊಡಬೇಕು.

ಬಿಚ್ಚಿದ. ಮೂರು ಬೆರಳು ಹೋಗಬೇಕಾದ ಕೊಳವೆಯಲ್ಲಿ
ಕಿರುಬೆರಳು ಸಿಕ್ಕಿಕೊಂಡಿತು.
‘ಬೀನ್ಸ್ ಡಬ್ಬಿಯ ತಗಡು ಕತ್ತರಿಸಿ ಅಡ್ಡ ಇಟ್ಟರೆ ಮುಗಿಯಿತು.
ಕಾನೂನು ನಿದ್ದೆ ಮಾಡುತ್ತಿದೆ. ಹತ್ತು ನಿಮಿಷ.’

ಹತ್ತು ನಿಮಿಷ.
ಮೂಡಲಲ್ಲಿ ಆಗಲೇ ಒಡೆದ ಹಾಲಿನ ಬಣ್ಣ.
ನಾನು ಒಪ್ಪುವವಳೇ ಇದ್ದೆ.

ಹೋದ ವರ್ಷ ಕಾಡು ಹತ್ತಿ ಉರಿದಾಗ
ನಲವತ್ತೊಂದು ದಿನ ಸೂರ್ಯ ಬರೀ ತಾಮ್ರದ ಬಿಲ್ಲೆ.
ಜೇನು ಹೊರಗೆ ಬರಲಿಲ್ಲ.
ನಾವೂ ಬರಲಿಲ್ಲ, ಬಾಗಿಲ ಸಂದಿಗೆ ಒದ್ದೆ ಟವಲು.
ತಿದಿ ಒತ್ತಿ ಗೂಡಿಗೆ ಹೊಗೆ ಊದುವುದು ನನ್ನ ಕಸುಬು;
ಹೊಗೆ ಕಂಡದ್ದೇ ಅವು ಹೊಟ್ಟೆ ತುಂಬ ತುಪ್ಪ ಕುಡಿಯುತ್ತವೆ,
ಊರು ಬಿಡುವವರು ಗಂಟು ಕಟ್ಟುವ ಹಾಗೆ.
ಆಗ ಕಚ್ಚುವುದಿಲ್ಲ.
ಮೂವತ್ತು ವರ್ಷ ಆ ಹೆದರಿಕೆಯ ಮೇಲೆ ಬದುಕಿದ್ದೇನೆ.
ಆ ಬೇಸಿಗೆ ನನ್ನ ಗಂಟೂ
ಬಾಗಿಲ ಬಳಿ ಕಟ್ಟಿಟ್ಟಿತ್ತು.

‘ತಗಡು ಬೇಡ’ ಎಂದೆ.
‘ಬಿಟ್ಟದ್ದರಲ್ಲಿ ಸ್ವಲ್ಪವಾದರೂ ಅದೇ ನುಂಗಲಿ.’
ಅವನು ನಾಯಿಯನ್ನು ನೋಡಿದ. ನಾಯಿ ನನ್ನನ್ನು ನೋಡಿತು.
‘ಹಾಗಾದರೆ ಕೆರೆಯಲು ಏನಾದರೂ ಕೊಡು.’

ಕೊಟ್ಟೆ: ಪೆಟ್ಟಿಗೆ ಮೀಟುವ ಉಳಿ,
ಜೇನಂಟು ಕೆರೆದು ಕೆರೆದು ತುದಿ ಸವೆದದ್ದು.
ಸೀದ ಪಾತ್ರೆಯ ತಳದಂತೆ ಪದರ ಪದರ ಎದ್ದಿತು ಕಪ್ಪು;
ಮೊಣಕೈವರೆಗೆ ಅವನು, ಮೂಗಿನವರೆಗೆ ನಾನು.
ಒಂದು ಬೋಲ್ಟು ಹುಲ್ಲಿಗೆ ಬಿತ್ತು.
ಹುಡುಕಿದ್ದು ನಾಯಿ ಎಂದು ಅವನು ಈಗಲೂ ಹೇಳುತ್ತಾನೆ.

ಮೂರೂ ಮುಕ್ಕಾಲು. ಚಾವಿ ತಿರುಗಿಸಿದೆ.
ಕೆಮ್ಮಿತು. ಒಂದು ಮುದ್ದೆ ಕಪ್ಪು ಹಾರಿ ರಸ್ತೆಗೆ ಬಿತ್ತು.
ಮತ್ತೊಂದು. ಆಮೇಲೆ ಒಂದೇ ಸಮ ಸದ್ದು,
ಹಿಂದಿನ ಗುಂಯ್‌ಗೂ ಮುಂದಿನ ಗುಂಯ್‌ಗೂ
ನಡುವೆ ನನ್ನ ಸೀಟು.

‘ಎರಡು ವರ್ಷ. ಆಮೇಲೆ ಮತ್ತೆ ಇದೇ ಕತೆ.’
ಎಷ್ಟಾಯಿತು ಎಂದೆ.
‘ಮಾವನ ಲೆಕ್ಕದಲ್ಲಿ ಹಿಡಿದುಕೋ.’

ರಾಣಿಯ ಬೆನ್ನಿಗೆ ವರ್ಷದ ಚುಕ್ಕೆ ಇಡುವ ಪೆನ್ನು
ಜೇಬಿನಲ್ಲೇ ಇತ್ತು. ಈ ಸಲದ್ದು ನೀಲಿ.
ಬಾನೆಟ್ಟು ಮುಚ್ಚುವ ಮೊದಲು
ವಾಲ್ವಿನ ಬೆನ್ನ ಮೇಲೂ ಒಂದು ಇಟ್ಟೆ,
ಬಗ್ಗಿ, ಬಣ್ಣ ಒಣಗಲೆಂದು
ಊದಿದೆ.